ಆಂಗ್ಲ ಸಾಹಿತ್ಯದ ಪಾಠಕ್ರಮ



ಮಠದ ಮಹೋತ್ಸವದಲ್ಲಿ ಆಂಗ್ಲ ಸಾಹಿತ್ಯದ ಪ್ರಸ್ತಾಪವೇಕೆಂದು ಸಭಿಕರಲ್ಲಿ ಕೆಲವರಿಗಾದರೂ ತೋರಿರಬಹುದು. ಪುರಾಣ ಪ್ರವಚನಗಳನ್ನು ಕೇಳಿ ರೂಢಿಯಾದ ಕಿವಿಗೆ ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ಹೆಸರುಗಳು ದೂರದವೆನಿಸುವುದು ಸಹಜವೇ ಸರಿ. ಆದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿಕೊಂಡಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳಲ್ಲಿ ಅನೇಕರು ಈಗ ಬಿ.ಎ. ತರಗತಿಯ ಮೆಟ್ಟಿಲನ್ನು ಹತ್ತುತ್ತಿರುವರು. ಕೆಲವರು ಊರಿಗೆ ಹತ್ತಿರದ ಪ್ರಥಮದರ್ಜೆ ಕಾಲೇಜಿನಲ್ಲಿ, ಕೆಲವರು ತುಮಕೂರಿಗೋ ಬೆಂಗಳೂರಿಗೋ ಹೋಗಿ ಆಂಗ್ಲ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವರು. ಮನೆತನದಲ್ಲಿ ಕಾಲೇಜಿನ ಮುಖವನ್ನು ಮೊದಲು ಕಂಡವರು ಅವರೇ ಆಗಿರುವುದೂ ಉಂಟು. ಮೂರು ವರ್ಷ ಕಳೆದು ಪದವಿಪತ್ರವು ಕೈಗೆ ಬಂದ ದಿವಸ, ‘ಮಗೂ, ಯಾವ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ?’ ಎಂದು ಹಿರಿಯರು ಕೇಳಿದರೆ ಉತ್ತರವು ಒಡನೆಯೇ ಬರುವುದಿಲ್ಲ. ಕವಿಗಳ ಜನನ ಮರಣಗಳ ವರ್ಷ ಬರುತ್ತದೆ, ಯುಗಗಳ ಹೆಸರು ಬರುತ್ತದೆ, ಗೈಡಿನಲ್ಲಿ ಓದಿದ ಸಾರಾಂಶವು ಬರುತ್ತದೆ. ಗ್ರಂಥ ಮಾತ್ರ ಬರುವುದಿಲ್ಲ. ಇದರಲ್ಲಿ ಹುಡುಗನ ತಪ್ಪು ಅಲ್ಪ. ಪಾಠವನ್ನು ಗೊತ್ತುಮಾಡಿದ ಕ್ರಮದ ತಪ್ಪು ಬಹಳ. ಆ ಕ್ರಮವನ್ನು ಕುರಿತು ವಿಚಾರಮಾಡುವುದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಪಾಠಕ್ರಮವೆಂದರೆ ಪುಸ್ತಕಗಳ ಪಟ್ಟಿಯೆಂದು ತಿಳಿಯುವವರೇ ಹೆಚ್ಚು. ಪಟ್ಟಿಯನ್ನು ಯಾರು ಬೇಕಾದರೂ ಮಾಡಬಲ್ಲರು. ಕ್ರಮವೆಂಬ ಶಬ್ದದಲ್ಲಿ ಹೆಜ್ಜೆಯೆಂಬ ಅರ್ಥವಿರುವುದಷ್ಟೆ. ಯಾವ ಹೆಜ್ಜೆಯ ಮೇಲೆ ಯಾವ ಹೆಜ್ಜೆ ಎಂಬುದನ್ನು ನಿರ್ಣಯಿಸುವುದೇ ಕಷ್ಟದ ಕೆಲಸ. ಹಳೆಯ ಸಂಸ್ಕೃತ ಪಾಠಶಾಲೆಗಳಲ್ಲಿ ಈ ನಿರ್ಣಯವು ತಲೆಮಾರುಗಳಿಂದ ನೆಲೆನಿಂತಿತ್ತು. ಮೊದಲು ಶಬ್ದಮಂಜರಿ, ಅಮರಕೋಶ. ಅನಂತರ ರಘುವಂಶದ ಒಂದೆರಡು ಸರ್ಗ. ಮುಂದೆ ಕುಮಾರಸಂಭವ, ಮೇಘದೂತ. ಬುದ್ಧಿಯು ಬಲಿತ ಮೇಲೆ ಕಿರಾತ, ಮಾಘ, ನೈಷಧ. ಇವೆಲ್ಲ ನಾಲಗೆಯ ಮೇಲೆ ನಿಂತ ತರುವಾಯ ಕಾವ್ಯಪ್ರಕಾಶಾದಿ ಲಕ್ಷಣ ಗ್ರಂಥಗಳು. ಕಾಲಕ್ರಮದಿಂದ ನೋಡಿದರೆ ಋಗ್ವೇದವೇ ಮೊದಲು. ಆದರೂ ಯಾವ ಉಪಾಧ್ಯಾಯನೂ ಬಾಲಕನ ಕೈಗೆ ಕಾವ್ಯಪಾಠವೆಂದು ಮೊದಲು ಋಕ್ಕುಗಳನ್ನು ಕೊಡಲಿಲ್ಲ. ಹಳೆಯದು ಯಾವುದೆಂಬುದಲ್ಲ, ಸುಲಭವಾದುದು ಯಾವುದೆಂಬುದೇ ಅಲ್ಲಿ ಪ್ರಮಾಣವಾಗಿತ್ತು. ಕನ್ನಡದಲ್ಲಿಯೂ ಹಾಗೆಯೇ. ಸೋಮೇಶ್ವರ ಶತಕವನ್ನೋ ಜೈಮಿನಿ ಭಾರತವನ್ನೋ ಓದಿದ ಮೇಲೆ ಪಂಪನ ಬಳಿಗೆ ಹೋದವರು ಪಂಪನನ್ನು ಸೇರಿದರು. ನೇರವಾಗಿ ಪಂಪನ ಮುಂದೆ ನಿಲ್ಲಿಸಲ್ಪಟ್ಟವರಲ್ಲಿ ಬಹುಮಂದಿ ಹೆದರಿ ಹಿಂದಿರುಗಿದರು.

ಆಂಗ್ಲ ಸಾಹಿತ್ಯದ ಪದವಿ ತರಗತಿಗಳಲ್ಲಿಯಾದರೋ ಚರಿತ್ರೆಯ ಕ್ರಮಕ್ಕೇ ಬಹುಕಾಲ ಪ್ರಾಶಸ್ತ್ಯವಿತ್ತು. ೧೪ನೆಯ ಶತಮಾನದ ಚಾಸರನಿಂದ ಹೊರಟು, ಷೇಕ್ಸ್‌ಪಿಯರ್, ಡನ್, ಮಿಲ್ಟನ್ ಎಂದು ನಡೆದು, ಕೊನೆಯ ವರ್ಷದಲ್ಲಿ ಈಚಿನವರನ್ನು ತಲಪುವುದು. ಚಾಸರನ ಇಂಗ್ಲಿಷು ಇಂದಿನ ಇಂಗ್ಲೆಂಡಿನವನಿಗೂ ಟಿಪ್ಪಣಿಯಿಲ್ಲದೆ ತಿಳಿಯತಕ್ಕುದಲ್ಲ. ಅಂದರೆ ಅತ್ಯಂತ ಕಠಿನವಾದ ಭಾಷೆಯು ಅತ್ಯಂತ ಎಳೆಯ ವಿದ್ಯಾರ್ಥಿಗೆ, ಅತ್ಯಂತ ತಿಳಿಯಾದುದು ಕಾಲೇಜನ್ನು ಬಿಡುವ ಹೊತ್ತಿಗೆ! ೨೦೧೫ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಹೊರಡಿಸಿದ ಮಾದರಿ ಪಾಠಕ್ರಮದಲ್ಲಿ ೧೪ ಮುಖ್ಯ ಪತ್ರಿಕೆಗಳಿದ್ದವು. ಅದರ ಮೊದಲನೆಯ ಅರೆವರ್ಷದಲ್ಲಿಯೇ ಕಾಳಿದಾಸನ ಶಾಕುಂತಲ, ಶೂದ್ರಕನ ಮೃಚ್ಛಕಟಿಕ, ತಮಿಳಿನ ಶಿಲಪ್ಪದಿಗಾರಂ ಇವು ಇಂಗ್ಲಿಷ್ ಭಾಷಾಂತರದಲ್ಲಿಯೂ, ಜೊತೆಗೆ ಹೋಮರ್, ಸಾಫೊಕ್ಲೀಸರೂ ಬಂದಿದ್ದರು. ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಶಕುಂತಲೆಯನ್ನು ಕಂಡು ಸಂಸ್ಕೃತಜ್ಞರಿಗೆ ಸಂತೋಷವಾದದ್ದು ನಿಜ. ಆದರೆ ತಮಿಳಿಗೆ ಇದ್ದ ಸ್ಥಳವು ಆ ಪತ್ರಿಕೆಯಲ್ಲಿ ಕನ್ನಡಕ್ಕೆ ಇರಲಿಲ್ಲ. ರಾಷ್ಟ್ರಕ್ಕೆಲ್ಲ ಒಂದೇ ಅಂಗಿಯನ್ನು ಹೊಲಿದರೆ ಒಬ್ಬೊಬ್ಬನಿಗೆ ತೋಳು ಗಿಡ್ಡವಾಗುವುದು ಸ್ವಭಾವವೇ ಆಗಿದೆ.

ಈ ವಿದ್ಯೆಯು ಈ ದೇಶಕ್ಕೆ ಬಂದ ಬಗೆಯನ್ನು ಸ್ವಲ್ಪ ತಿಳಿದರೆ ಕ್ರಮವು ಕೆಟ್ಟ ಕಾರಣವೂ ತಿಳಿಯುವುದು. ೧೮೩೫ರಲ್ಲಿ ಮೆಕಾಲೆಯ ಅಭಿಪ್ರಾಯಪತ್ರವು ಸರ್ಕಾರದ ಹಣವನ್ನು ಇಂಗ್ಲಿಷ್ ವಿದ್ಯೆಯ ಕಡೆಗೆ ತಿರುಗಿಸಿತು. ೧೮೫೭ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳಾದವು. ಅವುಗಳ ಪರೀಕ್ಷೆಗಳಲ್ಲಿ ಆಂಗ್ಲಕವಿಗಳು ಪಠ್ಯವಾದರು. ಆಕ್ಸ್‌ಫರ್ಡಿನಲ್ಲಿಯಾದರೋ ಆಂಗ್ಲ ಸಾಹಿತ್ಯವು ಪದವಿಯ ಪ್ರತ್ಯೇಕ ವಿಷಯವೆಂದು ಅಂಗೀಕೃತವಾದದ್ದು ೧೮೯೪ರಲ್ಲಿ. ಕೇಂಬ್ರಿಡ್ಜಿನಲ್ಲಿ ಅದಕ್ಕೆ ಸ್ವತಂತ್ರವಾದ ಪರೀಕ್ಷೆ ಏರ್ಪಟ್ಟದ್ದು ೧೯೧೭ರಲ್ಲಿ. ಅಲ್ಲಿನ ಪಂಡಿತರು ತಮ್ಮ ಭಾಷೆಯ ಕಾವ್ಯವನ್ನು ಮಕ್ಕಳು ಮನೆಯಲ್ಲಿ ಓದಿಕೊಂಡಾರೆಂದು ಬಿಟ್ಟು ಗ್ರೀಕ್ ಲ್ಯಾಟಿನ್‌ಗಳನ್ನು ಕಲಿಸುತ್ತಿದ್ದ ಕಾಲದಲ್ಲಿ, ಇಲ್ಲಿಯ ವಿದ್ಯಾರ್ಥಿ ಮಿಲ್ಟನ್ನನ ಮೇಲೆ ಪರೀಕ್ಷೆ ಬರೆಯುತ್ತಿದ್ದನು. ಕಲಿಸುವವರ ಉದ್ದೇಶವು ಬೇರೆಯಿತ್ತು: ಕಚೇರಿಯ ಕೆಲಸಕ್ಕೆ ಜನ ಬೇಕಾಗಿದ್ದರು, ಆಳುವವರ ನಡೆನುಡಿಗಳ ಮೇಲೆ ಗೌರವ ಹುಟ್ಟಬೇಕಾಗಿತ್ತು. ಓದುವವನು ಯಾವ ಊರಿನವನು, ಅವನ ಬಾಯಲ್ಲಿ ಯಾವ ನುಡಿಯಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿರಲಿಲ್ಲ. ೧೯೧೬ರ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಸಂಸ್ಥಾನದ ಕಾಲೇಜುಗಳೂ ಮದರಾಸಿನ ಪರೀಕ್ಷೆಗಳಿಗೇ ಅಧೀನವಾಗಿದ್ದವು.

ಹೀಗಿದ್ದರೂ ಈ ವಿದ್ಯೆಯಿಂದ ಕನ್ನಡಕ್ಕೆ ಮಹೋಪಕಾರವಾಯಿತು. ಅದು ಹೇಗಾಯಿತೆಂಬುದನ್ನು ಗಮನಿಸಬೇಕು. ಇಂದಿನ ಪಾಠಕ್ರಮಕ್ಕೆ ಬೇಕಾದ ಬೀಜವು ಅಲ್ಲಿಯೇ ಇದೆ. ಇದೇ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿ ದೀರ್ಘಕಾಲ ಕೆಲಸಮಾಡಿದರು. ಪಾಲ್‌ಗ್ರೇವನು ೧೮೬೧ರಲ್ಲಿ ಸಂಕಲಿಸಿದ ‘ಗೋಲ್ಡನ್ ಟ್ರೆಷರಿ’ ಎಂಬ ಭಾವಗೀತಗಳ ಸಂಗ್ರಹವು ಆಗ ಭಾರತದ ಕಾಲೇಜುಗಳಲ್ಲಿ ಸರ್ವಸಾಧಾರಣವಾದ ಪಠ್ಯ. ಸಾವಿರಾರು ವಿದ್ಯಾರ್ಥಿಗಳು ಅದನ್ನು ಓದಿ, ಪ್ರಶ್ನೆಗಳಿಗೆ ಉತ್ತರ ಬರೆದು, ಪುಸ್ತಕವನ್ನು ಮಾರಿಕೊಂಡು ಹೋದರು. ಶ್ರೀಕಂಠಯ್ಯನವರು ಅದರಿಂದ ಆಯ್ದ ಹಲವು ಗೀತಗಳನ್ನು ಕನ್ನಡಿಸಿ ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂದು ಪ್ರಕಟಿಸಿದರು. ಹೊಸಗನ್ನಡದ ಕಾವ್ಯಕ್ಕೆ ಅದರಿಂದ ಹೊಸ ಛಂದಸ್ಸೂ ಹೊಸ ಧಾಟಿಯೂ ದೊರೆತವು. ಪುಸ್ತಕವು ಒಂದೇ. ಭೇದವೆಲ್ಲಿ? ಅವರ ಮೇಜಿನ ಮೇಲೆ ಪಾಲ್‌ಗ್ರೇವನ ಪಕ್ಕದಲ್ಲಿ ಪಂಪ, ರನ್ನ, ಕುಮಾರವ್ಯಾಸರೂ ಇದ್ದರು ಎಂಬಲ್ಲಿಯೇ ಭೇದ. ಇಂಗ್ಲಿಷಿನ ಲಯವನ್ನು ಕೇಳಿದ ಕಿವಿಗೆ ಕನ್ನಡದ ಮಾತ್ರಾಗಣಗಳು ತಿಳಿದಿದ್ದವು. ಗ್ರೀಕ್ ರುದ್ರನಾಟಕವನ್ನು ಓದಿದಾಗ ರನ್ನನ ದುರ್ಯೋಧನನು ನೆನಪಾದನು, ಗದಾಯುದ್ಧವು ನಾಟಕವಾಯಿತು. ಸಾಫೊಕ್ಲೀಸನ ಏಜಾಕ್ಸನು ೧೯೨೯ರಲ್ಲಿ ಕನ್ನಡದ ಅಶ್ವತ್ಥಾಮನಾದನು.

ಅದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ಇಂಗ್ಲಿಷ್, ಕನ್ನಡ ಎರಡರಲ್ಲಿಯೂ ಎಂ.ಎ. ಪದವೀಧರರು. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯು ೧೯೫೩ರಲ್ಲಿ ಹೊರಬಂದಿತು, ರಸಧ್ವನಿಗಳ ವಿಚಾರವನ್ನು ಪಾಠಶಾಲೆಯ ಹೊರಗಿನವರಿಗೂ ತಿಳಿಯುವಂತೆ ಹೇಳಿದ ಗ್ರಂಥವದು. ವಿ. ಕೃ. ಗೋಕಾಕ, ಎ. ಎನ್. ಮೂರ್ತಿರಾವ್, ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್ ಇವರೆಲ್ಲ ಜೀವನೋಪಾಯಕ್ಕೆ ಇಂಗ್ಲಿಷ್ ಪಾಠ ಹೇಳಿ ಕನ್ನಡಕ್ಕೆ ಗ್ರಂಥ ಕೊಟ್ಟವರು. ಕಾಲೇಜಿನ ಪಟ್ಟಿಯಲ್ಲಿ ಎರಡು ಸಾಹಿತ್ಯಗಳನ್ನು ಒಂದರ ಪಕ್ಕ ಒಂದು ಇಡಬೇಕೆಂಬ ವಿಧಿಯಿದ್ದುದರಿಂದ ಇದು ಆದದ್ದಲ್ಲ. ಅವರು ತಾವಾಗಿ ಇಟ್ಟುಕೊಂಡದ್ದು. ಪ್ರತಿಭಾವಂತನು ತಾನಾಗಿ ಮಾಡಿಕೊಂಡದ್ದನ್ನು ಸಾಮಾನ್ಯ ವಿದ್ಯಾರ್ಥಿಗೂ ಒದಗಿಸಿಕೊಡುವುದೇ ಪಾಠಕ್ರಮವನ್ನು ಏರ್ಪಡಿಸುವವರ ಕರ್ತವ್ಯವಾಗಿದೆ.

ಇಲ್ಲಿ ಬಸವಪ್ಪ ಶಾಸ್ತ್ರಿಗಳನ್ನು ಸ್ಮರಿಸದೆ ಮುಂದುವರಿಯುವುದು ಉಚಿತವಲ್ಲ. ಅಭಿನವ ಕಾಳಿದಾಸರೆಂದು ಬಿರುದಾಂಕಿತರಾಗಿದ್ದ ಈ ವೀರಶೈವ ವಿದ್ವಾಂಸರು ಮೈಸೂರಿನ ಆಸ್ಥಾನದಲ್ಲಿದ್ದು ಶಾಕುಂತಲವನ್ನು ಕನ್ನಡಿಸಿದವರು, ೧೮೯೧ರಲ್ಲಿ ಲಿಂಗೈಕ್ಯರಾದರು. ಅವರಿಗೆ ಇಂಗ್ಲಿಷ್ ಬಾರದು. ಮಿತ್ರರಾದ ಸಿ. ಸುಬ್ಬರಾಯರು ಷೇಕ್ಸ್‌ಪಿಯರನ ಒಥೆಲೋ ನಾಟಕವನ್ನು ತಿಳಿಸಿಹೇಳಲು, ಶಾಸ್ತ್ರಿಗಳು ಅದನ್ನು ‘ಶೂರಸೇನ ಚರಿತ್ರೆ’ಯೆಂಬ ಕನ್ನಡ ನಾಟಕವನ್ನಾಗಿ ರಚಿಸಿದರು. ಭಾಷೆ ಬಾರದವನಿಗೂ ಒಳ್ಳೆಯ ನಿರೂಪಕನೊಬ್ಬನು ದೊರೆತರೆ ಕಾವ್ಯದ ತಿರುಳು ಮುಟ್ಟುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್ ನಾಟಕವನ್ನು ‘ಪ್ರತಾಪರುದ್ರದೇವ’ವೆಂದು ಮಾಡಿದ್ದೂ ಸುಮಾರು ಅದೇ ಕಾಲದ ಕೆಲಸ. ಈ ಎರಡು ಕನ್ನಡ ನಾಟಕಗಳನ್ನು ಇಂಗ್ಲಿಷ್ ಐಚ್ಛಿಕದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕಣ್ಣಿನಿಂದ ನೋಡಿದ್ದಾರೆಂದು ಕೇಳಿದರೆ ಅಧ್ಯಾಪಕರೇ ತಲೆತಗ್ಗಿಸುವ ಸಂದರ್ಭ ಬರಬಹುದು.

ಇನ್ನು ಲೆಕ್ಕದ ಮಾತು. ಸಾಹಿತ್ಯದಲ್ಲಿ ಲೆಕ್ಕವೇನೆಂದು ಮೂಗುಮುರಿಯಬಾರದು. ಪಾಠಕ್ರಮವು ಕೆಡುವುದು ಬಹುಮಟ್ಟಿಗೆ ಕೂಡುವ ಕಳೆಯುವ ಲೆಕ್ಕ ತಪ್ಪುವುದರಿಂದಲೇ. ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಅರೆವರ್ಷದುದ್ದಕ್ಕೂ ವಾರಕ್ಕೆ ಒಂದು ಗಂಟೆಯ ಪಾಠ. ಅರೆವರ್ಷಕ್ಕೆ ೯೦ ಪಾಠದ ದಿವಸಗಳೆಂದರೆ ವಾರಕ್ಕೆ ಆರು ದಿವಸದಂತೆ ೧೫ ವಾರ. ಐದು ಕ್ರೆಡಿಟ್‌ನ ಪತ್ರಿಕೆಗೆ ೭೫ ಗಂಟೆ ದೊರೆಯಿತು. ಹಬ್ಬ, ಜಾತ್ರೆ, ಕಿರುಪರೀಕ್ಷೆ, ಅಧ್ಯಾಪಕರ ರಜೆ, ಚುನಾವಣೆಯ ಕೆಲಸ ಇವನ್ನು ಕಳೆದರೆ ೬೦ ಗಂಟೆ ಉಳಿದರೆ ಪುಣ್ಯ. ಮ್ಯಾಕ್‌ಬೆತ್ ನಾಟಕವು ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲೆಲ್ಲ ಚಿಕ್ಕದು. ಸಾಮಾನ್ಯ ಮುದ್ರಣಗಳಲ್ಲಿ ೨೮ ದೃಶ್ಯಗಳಿವೆ. ದೃಶ್ಯಕ್ಕೆ ಒಂದು ಗಂಟೆಯಂತೆ ೨೮ ಗಂಟೆ. ಮಿಲ್ಟನ್ನನ ಮಹಾಕಾವ್ಯದ ಮೊದಲನೆಯ ಕಾಂಡವೊಂದರಲ್ಲಿಯೇ ೭೯೮ ಸಾಲುಗಳಿವೆ. ಪದವಿಭಾಗ, ಅನ್ವಯ, ತಾತ್ಪರ್ಯಗಳೊಡನೆ ಗಂಟೆಗೆ ೩೦ ಸಾಲು ನಡೆಯಿತೆಂದರೂ ೨೭ ಗಂಟೆ. ಎರಡೂ ಸೇರಿ ೫೫. ಪತ್ರಿಕೆಯು ತುಂಬಿಹೋಯಿತು! ಹೀಗಿರಲು ಒಂದೊಂದು ಪತ್ರಿಕೆಯಲ್ಲಿ ಎರಡು ನಾಟಕ, ಒಂದು ಕಾದಂಬರಿ, ಹತ್ತು ಹನ್ನೆರಡು ಪದ್ಯ, ಮೇಲೆ ಯುಗಚರಿತ್ರೆ ಎಂದು ಬರೆದಿಟ್ಟರೆ ಅದನ್ನು ಮುಗಿಸುವ ಉಪಾಯ ಒಂದೇ: ಗ್ರಂಥವನ್ನು ಬಿಟ್ಟು ಸಾರಾಂಶವನ್ನು ಹೇಳುವುದು. ಗೈಡನ್ನು ಬರೆದವನನ್ನು ನಿಂದಿಸುವುದಕ್ಕೆ ಮೊದಲು ಅವನನ್ನು ಬರಮಾಡಿಕೊಂಡವರು ಯಾರೆಂದು ನೋಡಬೇಕು. ಮೂಲದಲ್ಲಿ ಆಧಾರವಿಲ್ಲದ ಯಾವುದನ್ನೂ ಬರೆಯೆನೆಂದು ವ್ರತ ತೊಟ್ಟ ಮಲ್ಲಿನಾಥನು ವ್ಯಾಖ್ಯಾನಕಾರ; ಮೂಲವನ್ನೇ ಅನಾವಶ್ಯಕವೆನ್ನಿಸುವವನು ಬೇರೆ ಜಾತಿಯವನು.

ಆದಕಾರಣ ಪತ್ರಿಕೆಗೆ ದೊಡ್ಡ ಗ್ರಂಥ ಒಂದು, ಹೆಚ್ಚೆಂದರೆ ಎರಡು. ಉಳಿದ ಗಂಟೆಗಳು ಸಣ್ಣ ಪದ್ಯಗಳಿಗೆ. ‘ಹಾಗಾದರೆ ಎಷ್ಟೋ ಕವಿಗಳು ಬಿಟ್ಟುಹೋಗುವರಲ್ಲ’ ಎಂಬ ಆಕ್ಷೇಪವು ಬರುವುದು. ಬಿಟ್ಟುಹೋಗಲಿ. ರಘುವಂಶದ ೧೯ ಸರ್ಗಗಳಲ್ಲಿ ನಾಲ್ಕನ್ನು ಪದಶಃ ಓದಿದವನು ಉಳಿದ ೧೫ನ್ನು ತಾನೇ ಓದಿಕೊಳ್ಳುವನು; ಹತ್ತೊಂಬತ್ತರ ಕಥೆಯನ್ನೂ ಕೇಳಿ ಒಂದನ್ನೂ ಓದದವನು ಎಂದಿಗೂ ಓದಲಾರನು.

ಈಗ ವಿದ್ಯಾರ್ಥಿಯ ಕಡೆಗೆ ತಿರುಗೋಣ. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರದ ಸೀಮೆಯೇ ಸುತ್ತುವರಿದಿದೆ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಶಿರಾದ ಬೀದಿಗಳಲ್ಲಿ ಉರ್ದು ಸೇರುತ್ತದೆ. ನಿಡುಗಲ್ಲನ್ನು ಆಳಿದ ಚೋಳರು ಕನ್ನಡ ಶಾಸನಗಳನ್ನು ಬರೆಸಿದ ಸೀಮೆಯಿದು. ಇಂಥ ಮಗುವಿಗೆ ಇಂಗ್ಲಿಷು ಎರಡನೆಯದಲ್ಲ, ಮೂರನೆಯದೋ ನಾಲ್ಕನೆಯದೋ ಆಗಿರುವುದು. ಇದನ್ನು ಕೊರತೆಯೆಂದು ಎಣಿಸುವುದು ರೂಢಿ. ಆದರೆ ಒಂದೇ ಪದಾರ್ಥಕ್ಕೆ ಎರಡು ಹೆಸರಿರುವುದನ್ನೂ, ಒಂದು ನುಡಿಯ ಗಾದೆಯು ಇನ್ನೊಂದರಲ್ಲಿ ಕೂತುಕೊಳ್ಳದಿರುವುದನ್ನೂ ಎಳವೆಯಿಂದ ಬಲ್ಲವನಿಗೆ ಸಾಹಿತ್ಯ ವಿದ್ಯೆಯ ಅರ್ಧವು ಆಗಲೇ ಬಂದಿದೆ. ೧೩೬೯ರಲ್ಲಿ ಭೀಮಕವಿಯು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಕನ್ನಡದ ಷಟ್ಪದಿಗೆ ತಂದನು. ಅದೇ ಶತಮಾನದಲ್ಲಿ ಚಾಸರನು ಇಟಲಿಯ ಬೊಕಾಚಿಯೋವಿನ ಕಾವ್ಯವನ್ನು ತೆಗೆದುಕೊಂಡು ತನ್ನ ಟ್ರಾಯ್ಲಸನ ಕಥೆಯನ್ನು ಇಂಗ್ಲಿಷಿನಲ್ಲಿ ಕಟ್ಟಿದನು. ಇಬ್ಬರೂ ನೆರೆಯ ನುಡಿಯಿಂದ ತಂದವರು. ತಂದದ್ದನ್ನು ತಮ್ಮದಾಗಿ ಮಾಡಿಕೊಂಡವರು. ಚಾಸರನನ್ನು ಐದನೆಯ ಅರೆವರ್ಷಕ್ಕೆ ಇಟ್ಟು, ಭೀಮಕವಿಯ ಒಂದು ಸಂಧಿಯನ್ನು ಅವನ ಜೊತೆಗೆ ಓದಿಸಿದರೆ ಪಾವಗಡದ ಹುಡುಗನು ಆ ಆಂಗ್ಲಕವಿಯನ್ನು ನೆರೆಮನೆಯವನೆಂದೇ ಕಾಣುವನು.

ಹವೆಯ ವಿಷಯವನ್ನೂ ಮರೆಯಲಾಗದು. ಷೇಕ್ಸ್‌ಪಿಯರನ ೧೮ನೆಯ ಸಾನೆಟ್‌ನಲ್ಲಿ ಬೇಸಗೆಯ ದಿವಸವು ಸೌಂದರ್ಯಕ್ಕೆ ಉಪಮಾನವಾಗಿ ಬಂದಿದೆ. ಪಾವಗಡದ ಏಪ್ರಿಲ್ ತಿಂಗಳನ್ನು ಬಲ್ಲವರಿಗೆ, ಅಲ್ಲಿಯ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಯಲ್ಲಿ ಬಿಸಿಲಿನಿಂದಲೇ ವಿದ್ಯುತ್ತನ್ನು ತೆಗೆಯುತ್ತಿರುವುದನ್ನು ಕಂಡವರಿಗೆ, ಪ್ರಿಯರನ್ನು ಬೇಸಗೆಗೆ ಹೋಲಿಸಿದರೆ ಬೈದಂತೆಯೇ ಕೇಳೀತು. ಅಧ್ಯಾಪಕರು ಇದನ್ನು ನಕ್ಕು ಬಿಡದೆ ಅಲ್ಲಿಂದಲೇ ಪಾಠವನ್ನು ಹೊರಡಿಸಬೇಕು: ಬೇಸಗೆಯು ಅಲ್ಲಿ ಅಲ್ಪಾಯುವಾದ ಸುಖ, ಇಲ್ಲಿ ಮುಗಿಯದ ತಾಪ, ಕವಿಯು ಆಡುವ ಮಾತೆಲ್ಲವೂ ಆ ಅಲ್ಪಾಯುಷ್ಯವನ್ನೇ ಹಿಡಿದಿದೆ. ಉಪಮಾನಕ್ಕೆ ದೇಶಕಾಲಗಳುಂಟೆಂಬ ಅಲಂಕಾರಶಾಸ್ತ್ರದ ತತ್ತ್ವವು ಗ್ರಂಥದ ಹೆಸರಿಲ್ಲದೆ ಒಂದು ಗಂಟೆಯಲ್ಲಿ ತಿಳಿದುಹೋಗುತ್ತದೆ.

ಹಾಗಾದರೆ ಮೊದಲ ಅರೆವರ್ಷದಲ್ಲಿ ಏನನ್ನು ಓದಿಸಬೇಕು? ಭಾಷೆ ತಿಳಿಯಾಗಿಯೂ ಲೋಕ ಪರಿಚಿತವಾಗಿಯೂ ಇರುವುದನ್ನು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ೧೯೩೫ರ ಕಾದಂಬರಿಯಿದೆ. ಶಾಲೆಯ ಹುಡುಗರ ಕಥೆ, ವಾಕ್ಯಗಳು ಚಿಕ್ಕವು. ಹಾಸನದಲ್ಲಿ ಹುಟ್ಟಿದ ರಾಜಾರಾಯರ ‘ಕಾಂತಾಪುರ’ವು ೧೯೩೮ರದು. ಕನ್ನಡ ಹಳ್ಳಿಯ ಅಜ್ಜಿಯೊಬ್ಬಳು ಪುರಾಣ ಹೇಳುವ ಧಾಟಿಯಲ್ಲಿ ಇಂಗ್ಲಿಷನ್ನು ಹರಿಯಿಸಿದ ಗ್ರಂಥ. ಅದರ ವಾಕ್ಯವು ಉದ್ದವಾದುದರಿಂದ ಎರಡನೆಯ ಅರೆವರ್ಷಕ್ಕೆ ಇರಲಿ. ಮೂರನೆಯದರಲ್ಲಿ ವರ್ಡ್ಸ್‌ವರ್ತ್, ಷೆಲ್ಲಿ, ಕೀಟ್ಸರ ಸಣ್ಣ ಗೀತಗಳು, ಪಕ್ಕದಲ್ಲಿ ‘ಇಂಗ್ಲಿಷ್ ಗೀತಗಳು’. ನಾಲ್ಕನೆಯದರಲ್ಲಿ ಮ್ಯಾಕ್‌ಬೆತ್ ಅಥವಾ ಒಥೆಲೋ, ಪಕ್ಕದಲ್ಲಿ ಪ್ರತಾಪರುದ್ರದೇವ ಅಥವಾ ಶೂರಸೇನ ಚರಿತ್ರೆ. ಐದನೆಯದರಲ್ಲಿ ಚಾಸರ್, ಮಿಲ್ಟನ್. ಸಾಹಿತ್ಯದ ಚರಿತ್ರೆಯು ಇವೆಲ್ಲ ಆದ ಮೇಲೆ ಬರಲಿ; ಆಗ ಅದು ಕಂಡ ಊರುಗಳ ನಕ್ಷೆಯಂತೆ ಪ್ರಯೋಜನಕ್ಕೆ ಬರುವುದು. ವಿಮರ್ಶಾಶಾಸ್ತ್ರವು ಎಲ್ಲಕ್ಕಿಂತ ಕೊನೆಗೆ.

ಇಂಥ ಬದಲಾವಣೆಗೆ ವಿಶ್ವವಿದ್ಯಾನಿಲಯಗಳು ಒಪ್ಪುವವೇ ಎಂಬ ಸಂಶಯಕ್ಕೆ ಪೂರ್ವೋದಾಹರಣೆಯುಂಟು. ಕೇಂಬ್ರಿಡ್ಜಿನಲ್ಲಿ ಎಫ್. ಆರ್. ಲೀವಿಸರ ಬಳಿ ಓದಿಬಂದ ಸಿ. ಡಿ. ನರಸಿಂಹಯ್ಯನವರು ೧೯೫೦ರ ದಶಕದಿಂದ ಮೈಸೂರಿನಲ್ಲಿ ಇಂಗ್ಲಿಷ್ ವಿಭಾಗವನ್ನು ನಡೆಯಿಸುತ್ತ, ಇಂಗ್ಲೆಂಡಿನ ಸಾಹಿತ್ಯಕ್ಕೇ ಮುಡಿಪಾಗಿದ್ದ ಪಾಠಕ್ರಮದೊಳಕ್ಕೆ ಅಮೆರಿಕದ, ಕಾಮನ್‌ವೆಲ್ತ್ ದೇಶಗಳ ಮತ್ತು 
ಭಾರತೀಯರ ಇಂಗ್ಲಿಷ್ ಬರಹಗಳನ್ನು ತಂದರು. ಭಾರತೀಯರು ಬರೆದ ಇಂಗ್ಲಿಷು ಪಠ್ಯಯೋಗ್ಯವೇ ಎಂದು ಹುಬ್ಬೇರಿಸುವವರು ಇದ್ದ ಕಾಲ ಅದು. ೧೯೭೯ರಲ್ಲಿ ಅವರು ಮೈಸೂರಿನಲ್ಲಿ ಕಟ್ಟಿದ ಸಂಸ್ಥೆಗೆ ಆನಂದವರ್ಧನನ ಗ್ರಂಥದ ಹೆಸರಾದ ‘ಧ್ವನ್ಯಾಲೋಕ’ವನ್ನೇ ಇಟ್ಟರು. ಲೀವಿಸರ ಶಿಷ್ಯರು ಧ್ವನಿಕಾರನ ಹೆಸರನ್ನು ಬಾಗಿಲ ಮೇಲೆ ಬರೆಯಿಸಿದ ಮೇಲೆ, ಇಂಗ್ಲಿಷ್ ತರಗತಿಯಲ್ಲಿ ಅಲಂಕಾರಶಾಸ್ತ್ರದ ಮಾತನ್ನೆತ್ತಲು ಯಾವ ಅಧ್ಯಾಪಕನಿಗೂ ಸಂಕೋಚ ಬೇಡ.

ವಚನಗಳ ವಿಷಯಕ್ಕೆ ಬಂದರೆ ಈ ಸಭೆಗೆ ಇನ್ನೂ ಹತ್ತಿರದ ಸಂಗತಿಯಿದೆ. ೧೯೩೩ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ಯರು ಶಿ. ಶಿ. ಬಸವನಾಳರೊಡನೆ ಕೂಡಿ ೧೯೪೦ರಲ್ಲಿ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಹೊರತಂದರು. ಮುಂದೆ ೧೯೫೦ರ ದಶಕದಲ್ಲಿ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಎ. ಕೆ. ರಾಮಾನುಜನ್ನರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಸಂಕಲನದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಇಂಗ್ಲಿಷಿನಲ್ಲಿಟ್ಟರು. ಶರಣರ ವಾಣಿಯು ಲೋಕದ ನಾನಾ ದೇಶಗಳ ತರಗತಿಗಳನ್ನು ಮುಟ್ಟಿದ್ದು ಆ ಸಣ್ಣ ಪುಸ್ತಕದಿಂದ. ರಾಮಾನುಜನ್ನರು ಅಂಕಿತಗಳನ್ನು ಬರಿಯ ಹೆಸರಾಗಿ ಉಳಿಸದೆ ಬಿಡಿಸಿ ಅರ್ಥ ಮಾಡಿದರು: ಕೂಡಲಸಂಗಮದೇವನು ಕೂಡುವ ಹೊಳೆಗಳ ಒಡೆಯನಾದನು, ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯ ಬಿಳುಪಿನ ದೇವನಾದನು. ಪರದೇಶದವನಿಗೆ ಇದರಿಂದ ಚಿತ್ರವೊಂದು ದೊರೆಯಿತು. ಆದರೆ ಸಂಗಮಕ್ಕೆ ಹೋಗಿ ಬಂದವನಿಗೆ ಆ ಹೆಸರಿನಲ್ಲಿ ಕೇಳಿಸುವ ಕ್ಷೇತ್ರವೂ, ಶ್ರೀಶೈಲದ ದಾರಿಯೂ, ಗುರುವಿನ ಮುಂದೆ ಕುಳಿತ ನೆನಪೂ ಅಲ್ಲಿ ಉಳಿಯಲಿಲ್ಲ. ಲಾಭವೆಷ್ಟು, ನಷ್ಟವೆಷ್ಟು? ತೇಜಸ್ವಿನಿ ನಿರಂಜನರು ೧೯೯೨ರ ತಮ್ಮ ಗ್ರಂಥದಲ್ಲಿ ಅಲ್ಲಮನ ವಚನವೊಂದರ ಅನುವಾದವನ್ನೇ ಹಿಡಿದು ರಾಮಾನುಜನ್ನರೊಡನೆ ವಾದಿಸಿದ್ದಾರೆ. ಲಂಡನ್ನಿನ ವಿದ್ಯಾರ್ಥಿಯು ಈ ವಾದವನ್ನು ಓದಿ ಯಾರನ್ನಾದರೂ ನಂಬಬೇಕಾಗುವುದು. ವಚನವನ್ನು ಬಾಯಿಪಾಠವಾಗಿ ಬಲ್ಲ ಕೊರಟಗೆರೆಯ ಹುಡುಗಿಯು ತಾನೇ ತೀರ್ಪು ಕೊಡಬಲ್ಲಳು. ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಅವಳು ಯಾರಿಗೂ ಕಡಿಮೆಯಲ್ಲದೆ ನಿಲ್ಲುವ ಗಂಟೆ ಇದು. ಇಂಥ ಗಂಟೆಯು ಮೂರು ವರ್ಷದಲ್ಲಿ ಒಂದೂ ಇಲ್ಲದ ಪಾಠಕ್ರಮವು ಅವಳಿಗೆ ಅನ್ಯಾಯ ಮಾಡುತ್ತದೆ. ರಾಘವಾಂಕನ ಹರಿಶ್ಚಂದ್ರಕಾವ್ಯವೂ ಬೆಂಗಳೂರಿನ ಇಂಗ್ಲಿಷ್ ಪ್ರಾಧ್ಯಾಪಕಿ ವನಮಾಲಾ ವಿಶ್ವನಾಥರ ಅನುವಾದದಲ್ಲಿ ೨೦೧೭ರಲ್ಲಿ ಮೂರ್ತಿ ಗ್ರಂಥಮಾಲೆಯಲ್ಲಿ, ಎದುರುಬದಿರಾಗಿ ಮೂಲದೊಡನೆ ಅಚ್ಚಾಗಿದೆ. ಕನ್ನಡಕ್ಕೆ ಯೋಗ್ಯವಾದ ಅನುವಾದವಿಲ್ಲವೆಂಬ ನೆಪವು ಇನ್ನು ಸಲ್ಲದು.

ಕನ್ನಡವನ್ನು ಹೀಗೆ ಪಕ್ಕಕ್ಕೆ ತಂದರೆ ಇಂಗ್ಲಿಷು ಬರುವುದೇ ಇಲ್ಲವೆಂದು ಹೆದರುವವರಿದ್ದಾರೆ. ಆ ಹೆದರಿಕೆಯು ನಿರಾಧಾರವಲ್ಲ. ಗಂಟೆಯೆಲ್ಲ ಕನ್ನಡದಲ್ಲಿ ಕಥೆ ಹೇಳಿ, ಕೊನೆಯ ಐದು ನಿಮಿಷ ಇಂಗ್ಲಿಷಿನಲ್ಲಿ ಉತ್ತರವನ್ನು ಬರೆಯಿಸುವ ಪದ್ಧತಿಯು ಅಲ್ಲಲ್ಲಿ ಉಂಟು. ಅದರಿಂದ ಎರಡೂ ನುಡಿಗಳು ಕೆಡುವುವು. ಪಾಠಶಾಲೆಯಲ್ಲಿ ಸಂಸ್ಕೃತವನ್ನು ಕನ್ನಡದಲ್ಲಿಯೇ ವಿವರಿಸುತ್ತಿದ್ದರು, ಆದರೂ ವಿದ್ಯಾರ್ಥಿಗಳು ಸಂಸ್ಕೃತದಲ್ಲಿ ಶ್ಲೋಕ ಕಟ್ಟುತ್ತಿದ್ದರು. ಕಾರಣ, ಮೂಲವು ಅವರ ಬಾಯಲ್ಲಿತ್ತು. ವಿವರಣೆಯು ಕನ್ನಡದಲ್ಲಿರಲಿ, ಮೂಲವನ್ನು ಗಟ್ಟಿಯಾಗಿ ಓದುವುದೂ ಕಂಠಪಾಠ ಮಾಡುವುದೂ ಇಂಗ್ಲಿಷಿನಲ್ಲಿರಲಿ. ಅರೆವರ್ಷಕ್ಕೆ ನೂರು ಸಾಲು ಬಾಯಿಗೆ ಬಂದರೆ ಪದವಿಯ ಹೊತ್ತಿಗೆ ಆರುನೂರು ಸಾಲಾಯಿತು. ಉಚ್ಚಾರದ ಭಯವೂ ವಾಕ್ಯದ ಭಯವೂ ಅಷ್ಟರಿಂದ ಹೋಗುವಷ್ಟು ಬೇರೆ ಯಾವುದರಿಂದಲೂ ಹೋಗದು. ಕಂಠಪಾಠವೆಂದರೆ ಗಿಳಿಪಾಠವೆಂದು ಹೀಯಾಳಿಸುವವರು ಗೈಡಿನ ಉತ್ತರವನ್ನು ಉರುಹಾಕುವುದಕ್ಕೆ ಮಾತ್ರ ಅಡ್ಡಿ ಹೇಳದಿರುವುದು ವಿಚಿತ್ರ!

ರಾಜ್ಯದಲ್ಲಿ ೨೦೨೧-೨೨ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. ೨೦೨೪-೨೫ರಿಂದ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ೨೦೦೪ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಲಿಯೂ ಪ್ರತಿಸಲ ಹೊಸ ಪಟ್ಟಿಯನ್ನು ಮಾಡಬೇಕಾಗುತ್ತದೆ. ಪಟ್ಟಿ ಬದಲಾಗುವುದನ್ನು ತಾಲ್ಲೂಕಿನ ಅಧ್ಯಾಪಕರು ತಡೆಯಲಾರರು. ಆದರೆ ಪಟ್ಟಿಯೊಳಗೆ ಯಾವುದನ್ನು ಮೊದಲು ಓದಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬುದು ಅವರ ಕೈಯಲ್ಲಿಯೇ ಇದೆ. ಅರೆವರ್ಷದ ಮೊದಲ ದಿವಸ ೬೦ ಗಂಟೆಗಳ ಹಂಚಿಕೆಯನ್ನು ಒಂದು ಹಾಳೆಯಲ್ಲಿ ಬರೆದು ವಿದ್ಯಾರ್ಥಿಗಳಿಗೆ ಕೊಡುವುದಕ್ಕೆ ಯಾವ ಮಂಡಲಿಯ ಅಪ್ಪಣೆಯೂ ಬೇಡ. ಆಂತರಿಕ ಅಂಕಗಳೂ ಅವರವೇ. ಆ ಅಂಕಗಳಿಗೆ ಗೈಡಿನ ಪ್ರಶ್ನೆಯನ್ನು ಬಿಟ್ಟು ಆರನೆಯ ಅರೆವರ್ಷದಲ್ಲಿ ಒಂದು ಕೆಲಸವನ್ನು ಗೊತ್ತುಮಾಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ಹಾಡುವ ಪದವೊಂದನ್ನು, ಅದು ಕನ್ನಡದ್ದಾಗಲಿ ತೆಲುಗಿನದಾಗಲಿ, ಹಿರಿಯರಿಂದ ಕೇಳಿ ಬರೆದುಕೊಂಡು ಇಂಗ್ಲಿಷಿಗೆ ಮಾಡುವುದು. ಇಂಗ್ಲಿಷಿನಲ್ಲಿ ಕೂತುಕೊಳ್ಳದ ಮಾತುಗಳು ಯಾವುವು, ಅವು ಏಕೆ ಕೂರಲಿಲ್ಲ ಎಂಬುದನ್ನು ಎರಡು ಪುಟದಲ್ಲಿ ಬರೆಯುವುದು. ಹಾಡಿದವರ ಊರನ್ನೂ, ಅವರು ಒಪ್ಪಿದರೆ ಹೆಸರನ್ನೂ, ಮೊದಲನೆಯ ಹಾಳೆಯ ಮೇಲೆ ಬರೆಯತಕ್ಕುದು.